ಎರಡನೆಯ ಕೈ

ಮಂಗಳವಾರ ಬೆಳಿಗ್ಗೆ ಏಳನೆಯ ಪತ್ರ ಬಂತು. ಮೊದಲಿನ ಆರು ಜನ ಸಂಕೋಚಪಟ್ಟುಕೊಂಡೇ ಬರೆದಿದ್ದರು. ‘ನಮ್ಮಿಂದಲೇ ಏನೋ ತಪ್ಪಾಗಿರಬಹುದು’ ಎಂದು ಒಬ್ಬರು, ‘ಇನ್ನಷ್ಟು ವಿವರ ಕೊಟ್ಟರೆ ಉಪಕಾರವಾಗುತ್ತದೆ’ ಎಂದು ಇನ್ನೊಬ್ಬರು. ಏಳನೆಯದು ಮೊಂಡು ಮೇಷ್ಟ್ರದು. ನಿವೃತ್ತರಾಗಿ ಹತ್ತು ವರ್ಷವಾದರೂ ಕಾಲೇಜಿನ ಲ್ಯಾಬಿನ ಬೀಗದ ಕೈ ಹಿಂದಿರುಗಿಸದ ಆ ಮನುಷ್ಯನಿಗೆ ಸಂಕೋಚದ ಪರಿಚಯವಿರಲಿಲ್ಲ.

‘ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಸೊನ್ನೆ. ಇದು ನಿಮ್ಮ ಮನೆತನದವರ ಕೈಯಲ್ಲಿ ಮಾತ್ರ ಆಗುವ ಪ್ರಯೋಗವೇ? ಹಾಗಿದ್ದರೆ ಮೊದಲೇ ಹೇಳಬೇಕಿತ್ತು. ಚಿಕ್ಕ ವಯಸ್ಸಿನಲ್ಲಿದ್ದಾಗಲೇ ನಿಮ್ಮ ಮನೆಗೆ ಅಳಿಯನಾಗಿ ಬಂದುಬಿಡುತ್ತಿದ್ದೆ.’

ಅಕ್ಕ ಅದನ್ನು ಎರಡು ಸಲ ಓದಿದಳು. ನಗು ಬಂತು. ಮೊದಲಿನ ಆರು ಪತ್ರಗಳನ್ನು ತೆಗೆದು ಇದರ ಪಕ್ಕ ಇಟ್ಟಾಗ ಆ ನಗು ನಿಂತಿತು.

ಅವಳನ್ನು ಓದುಗರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಕನ್ನಡಕದ ಅಂಗಡಿಯ ಮೇಲಿನ ಒಂದೇ ಒಂದು ಕೋಣೆ ಅವಳ ಕಚೇರಿ. ಅಲ್ಲಿಂದ ಪ್ರತಿ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಔಷಧದ ಅಣುಗಳನ್ನು ಕಟ್ಟುವ ರಸಾಯನಶಾಸ್ತ್ರಜ್ಞರಿಗೆಂದು ಒಂದು ಪುಟ್ಟ ವಾರಪತ್ರಿಕೆ ಇಮೇಲಿನಲ್ಲಿ ಹೊರಡುತ್ತಿತ್ತು. ಯಾವ ದ್ರಾವಕ ಎಷ್ಟು ಡಿಗ್ರಿಗೆ ಕುದಿಯುತ್ತದೆ, ಹೊಸ ಪ್ರಬಂಧಗಳಲ್ಲಿ ಓದಲು ಯೋಗ್ಯವಾದದ್ದು ಯಾವುದು, ಯಾವ ಬಾಟಲಿಯನ್ನು ಯಾವುದರ ಪಕ್ಕ ಇಟ್ಟರೆ ಕಿಟಕಿಯ ಗಾಜು ಉಳಿಯುವುದಿಲ್ಲ, ಎಲ್ಲಿ ಕೆಲಸ ಖಾಲಿ ಇದೆ, ಎಲ್ಲವೂ ಅದರಲ್ಲಿರುತ್ತಿದ್ದವು. ನಾಲ್ಕು ಸಾವಿರ ಓದುಗರು. ಅವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಓದುತ್ತಿದ್ದದ್ದು ‘ಕೈಕೊಟ್ಟ ಪ್ರಯೋಗಗಳು’ ಎಂಬ ಕೊನೆಯ ಅಂಕಣವನ್ನು. ಪಕ್ಕದವರ ಫ್ಲಾಸ್ಕಿನಲ್ಲಿ ಜಿಗುಟು ಟಾರು ಕೂತ ಸುದ್ದಿ ಓದಿದಾಗ ಆಗುವ ಸಮಾಧಾನವೇ ಬೇರೆ, ಪಾಪ, ಅವರನ್ನು ದೂರಿ ಫಲವಿಲ್ಲ.

ಪತ್ರಿಕೆಗೆ ಒಂದೇ ಒಂದು ನಿಯಮವಿತ್ತು. ಯಾವ ಹೊಸ ವಿಧಾನವನ್ನೂ ಇನ್ನೊಬ್ಬರು ಮಾಡಿ ನೋಡದೆ ಅಚ್ಚು ಹಾಕುವಂತಿಲ್ಲ. ಪ್ರತಿ ವಿಧಾನದ ಕೆಳಗೆ ಎರಡು ಹೆಸರು ಇರಲೇಬೇಕು: ಮೊದಲ ಕೈ, ಎರಡನೆಯ ಕೈ. ಒಂಬತ್ತು ವರ್ಷದಲ್ಲಿ ಈ ನಿಯಮ ಒಂದು ಸಲವೂ ಮುರಿದಿರಲಿಲ್ಲ. ಮೂರು ವಾರದ ಹಿಂದೆಯೂ ಮುರಿದಿಲ್ಲ ಎಂದೇ ಅವಳು ಅಂದುಕೊಂಡಿದ್ದಳು.

ಮೂರು ವಾರದ ಹಿಂದೆ ಅಚ್ಚಾಗಿ ಈಗ ಏಳು ಪತ್ರ ತರಿಸಿದ್ದು ಸ್ವಂತ ತಂಗಿಯ ವಿಧಾನ. ಔಷಧಗಳ ಅಣುಗಳಲ್ಲಿ ಎರಡು ಇಂಗಾಲದ ಉಂಗುರಗಳನ್ನು ಒಂದಕ್ಕೊಂದು ಬೆಸೆಯುವುದು ದಿನನಿತ್ಯದ ಕೆಲಸ. ಆದರೆ ಅದಕ್ಕೆ ಪೆಲ್ಲಾಡಿಯಂ ಎಂಬ ಲೋಹದ ಚಿಟಿಕೆ ಬೇಕು. ಹಾಕುವುದೇನೋ ಸುಲಭ, ರೋಗಿ ನುಂಗುವ ಮಾತ್ರೆಯಲ್ಲಿ ಅದು ಉಳಿಯದಂತೆ ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ತಂಗಿ ಲೋಹವನ್ನೇ ಹಾಕದೆ, ಬರೀ ಒಂದು ಕ್ಷಾರದ ಪುಡಿ ಮತ್ತು ನಾಲ್ಕು ಗಂಟೆಯ ಬಿಸಿಯಲ್ಲಿ ಉಂಗುರಗಳನ್ನು ಬೆಸೆದಿದ್ದಳು. ನೂರಕ್ಕೆ ಎಂಬತ್ತು ಭಾಗ ಫಲ. ಅವಳ ಲ್ಯಾಬಿನ ಮುಖ್ಯಸ್ಥರು, ಅಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತಿದ್ದ ಮಿತಭಾಷಿ, ತಿಂಗಳ ಕೊನೆಗೆ ಅವಳ ಕೆಲಸವನ್ನು ಕಾಯಂ ಮಾಡುವುದೋ ಬೇಡವೋ ಎಂದು ನಿರ್ಧರಿಸುವವರಿದ್ದರು. ಈ ವಿಧಾನ ನಿಂತರೆ ಅವಳೂ ನಿಂತಂತೆ. ಬಿದ್ದರೆ ಬರೀ ಕೆಲಸವಲ್ಲ, ಹೆಸರೇ ಹೋಗುತ್ತದೆ. ಇಲ್ಲದ ಫಲವನ್ನು ಇದೆ ಎಂದವಳನ್ನು ಈ ಕಸುಬಿನಲ್ಲಿ ಯಾರೂ ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಆ ವಾರ ಪರೀಕ್ಷೆ ಮಾಡುವವರು ಯಾರೂ ಬಿಡುವಾಗಿರಲಿಲ್ಲ. ತಂಗಿಗೆ ಕಾಯುವ ತಾಳ್ಮೆ ಇರಲಿಲ್ಲ. ಕೊನೆಗೆ ಅಕ್ಕ ತಾನೇ ಎರಡನೆಯ ಕೈಯಾದಳು. ಒಂದು ಕಾಲಕ್ಕೆ ಅವಳೂ ಅದೇ ಲ್ಯಾಬಿನಲ್ಲಿ ಆರು ವರ್ಷ ದುಡಿದವಳೇ. ಯಾವುದೋ ಪುಡಿ ಮೈಗೆ ಒಗ್ಗದೆ ಮೊಣಕೈವರೆಗೆ ದದ್ದು ಎದ್ದು, ವೈದ್ಯರು ಖಂಡಿತವಾಗಿ ಬೇಡ ಎಂದ ಮೇಲೆ ಕೆಲಸ ಬಿಟ್ಟಿದ್ದಳು. ಆ ಭಾನುವಾರ ಎರಡೆರಡು ಕೈಗವಸು ಹಾಕಿಕೊಂಡು ಹೋದಳು. ತಂಗಿ ತನ್ನ ಡ್ರಾಯರಿನಿಂದ ಒಂದೊಂದಾಗಿ ಎಲ್ಲ ತೆಗೆದುಕೊಟ್ಟಳು. ಫ್ಲಾಸ್ಕಿನ ತಳದಲ್ಲಿ ಗಿರಗಿರ ಸುತ್ತಿ ದ್ರವವನ್ನು ಕಲಕುವ, ಕಿರುಬೆರಳಿನ ಉಗುರಿಗಿಂತ ತುಸು ಉದ್ದದ ಮ್ಯಾಗ್ನೆಟ್ ಕಡ್ಡಿಯನ್ನು ಕೊಡುವಾಗ, “ಗುರುತು ಸಿಕ್ತಾ? ನಿಂದೇ ಕಣೇ” ಎಂದಳು. ಕೆಲಸ ಬಿಟ್ಟ ದಿನ ಅಕ್ಕ ತನ್ನ ಬಿಳಿ ಕೋಟನ್ನೂ ಆ ಕಡ್ಡಿಯನ್ನೂ ತಂಗಿಗೆ ಕೊಟ್ಟಿದ್ದಳು. ಅಕ್ಕನಿಗೆ ಕಣ್ಣು ತುಂಬಿ ಬಂದಿತ್ತು. ನಾಲ್ಕು ಗಂಟೆಯ ಮೇಲೆ ನೋಡಿದರೆ ಎಂಬತ್ತೆರಡು. ಸ್ವಂತ ಕೈ, ಸ್ವಂತ ಕಣ್ಣು. ನಡುವೆ ಮಣಿಕಟ್ಟು ತುರಿಸಿತೆಂದು ಹತ್ತು ನಿಮಿಷ ತೊಳೆದುಕೊಳ್ಳಲು ಆಚೆ ಹೋಗಿದ್ದಳು, ಅಷ್ಟೇ.

ಆ ಹತ್ತು ನಿಮಿಷ ಈಗ, ಏಳನೆಯ ಪತ್ರದ ಮುಂದೆ, ಅವಳ ತಲೆ ತಿನ್ನತೊಡಗಿತು.

ಸಂಜೆ ತಂಗಿ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಕ್ಕ ಪತ್ರ ಹಿಡಿದುಕೊಂಡು ನಿಂತಿದ್ದಳು. ಅಮ್ಮ ಊಟದ ಮೇಜಿನ ಮೇಲೆ ಒಗೆದ ಬಟ್ಟೆ ಮಡಚುತ್ತಾ ಇಬ್ಬರನ್ನೂ ನೋಡಿ, “ಶುರುವಾಯ್ತು” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

“ಅವರ ದ್ರಾವಕದಲ್ಲಿ ನೀರಿರುತ್ತೆ,” ಎಂದಳು ತಂಗಿ.

“ಹೋದ ವಾರ ನಿನ್ನ ದ್ರಾವಕಾನೇ ಕಳಿಸಿದ್ವಲ್ಲ. ಮೇಷ್ಟ್ರು ಅದರಲ್ಲೇ ಮಾಡಿದಾರೆ.”

“ಹಾಗಾದ್ರೆ ಕ್ಷಾರ. ಬೇರೆ ಕಂಪನೀದು ಇರುತ್ತೆ.”

“ಅದೂ ನಿನ್ನ ಬಾಟಲೀದೇ. ನಾನೇ ಕಟ್ಟಿ ಕಳಿಸಿದೆ.”

“ಗಾಳಿ ಹೋಗಿರುತ್ತೆ ಒಳಗೆ.”

“ಏಳು ಜನರ ಫ್ಲಾಸ್ಕಿಗೂ ಗಾಳಿ ಹೋಗಿ, ನಮ್ಮಿಬ್ಬರದಕ್ಕೆ ಮಾತ್ರ ಹೋಗಿಲ್ವಾ?”

ತಂಗಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಕ್ಕನಿಗೆ ದಿಕ್ಕೇ ತೋಚದಾಯಿತು. ಅದೇ ಪುಡಿ, ಅದೇ ದ್ರವ, ಅದೇ ಬಿಸಿ. ಬದಲಾದದ್ದು ಮನುಷ್ಯರು ಮಾತ್ರ. ರಸಾಯನಶಾಸ್ತ್ರಕ್ಕೆ ಮನುಷ್ಯರ ಮುಖ ನೋಡಿ ಮಣೆ ಹಾಕುವ ಅಭ್ಯಾಸವಿಲ್ಲ. ಹಾಗಾದರೆ ಉಳಿಯುವುದೇನು? ಉಳಿದದ್ದನ್ನು ಬಾಯಿಬಿಟ್ಟು ಕೇಳಬಾರದಿತ್ತು. ಅವಳು ಕೇಳಿಬಿಟ್ಟಳು.

“ಆವತ್ತು ನಾನು ಕೈ ತೊಳೆಯೋಕೆ ಹೋದಾಗ ನೀನು ಫ್ಲಾಸ್ಕ್ ಹತ್ರ ಇದ್ದೆ.”

“ಇದ್ದೆ.”

“ಏನಾದ್ರೂ ಹಾಕಿದ್ಯಾ?”

ಅಮ್ಮನ ಕೈಯಲ್ಲಿದ್ದ ದಿಂಬಿನ ಚೀಲ ಅರ್ಧ ಮಡಚಿ ಹಾಗೇ ನಿಂತಿತು. ತಂಗಿ ಅಕ್ಕನ ಮುಖವನ್ನೇ ನೋಡಿದಳು. ಬೈದಿದ್ದರೆ ಅಕ್ಕನಿಗೆ ಜೀವ ಬರುತ್ತಿತ್ತೇನೋ. ತಂಗಿ ಬೈಯಲಿಲ್ಲ, ತನ್ನ ಹೆಗಲಚೀಲ ಎತ್ತಿಕೊಂಡು ಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳುವ ಮೊದಲು ತಿರುಗಿ, ಪಾಠ ಒಪ್ಪಿಸುವವಳ ದನಿಯಲ್ಲಿ ಹೇಳಿದಳು:

“ಹೋದ ವಾರ ಎರಡು ಫ್ಲಾಸ್ಕ್ ಒಟ್ಟಿಗೆ ಇಟ್ಟಿದ್ದೆ. ಒಂದು ಆಯ್ತು, ಇನ್ನೊಂದು ಆಗ್ಲಿಲ್ಲ. ಯಾಕೆ ಅಂತ ಗೊತ್ತಾಗ್ಲಿಲ್ಲ. ಹೆದರಿಕೆಯಾಗಿ, ಆಗದೇ ಇದ್ದದ್ದನ್ನ ನೋಟ್‌ಬುಕ್ಕಲ್ಲಿ ಬರೀಲಿಲ್ಲ. ಬಚ್ಚಿಟ್ಟಿದ್ದು ಅಂದ್ರೆ ಅದೊಂದೇ. ಹಾಕಿದ್ಯಾ ಅಂತ ಮಾತ್ರ ಇನ್ನೊಂದು ಸಲ ಕೇಳಬೇಡ.”

ಬಾಗಿಲು ಮುಚ್ಚಿತು. “ಒಂದೇ ಹೊಟ್ಟೇಲಿ ಹುಟ್ಟಿ ಒಂದೇ ಬಾಟಲಿ ನೋಡಿ ಕಿತ್ತಾಡ್ತೀರಲ್ರೇ,” ಎಂದಳು ಅಮ್ಮ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಇಬ್ಬರೂ ಅಮ್ಮನಿಗೇ ಹೇಳಿದರು. ಅಮ್ಮ ಉಪ್ಪಿನ ಡಬ್ಬಿಯನ್ನು ಆ ಕಡೆಗೂ ಈ ಕಡೆಗೂ ದೂಡಿ ದೂಡಿ, ಕೊನೆಗೆ ರೇಗಿ ತನ್ನ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಳು.

ಅಕ್ಕನ ಗೊಂದಲ ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು. ಅದೇ ಕೈ, ಅದೇ ಮೇಜು, ಅದೇ ದಿನ. ಒಂದು ಫ್ಲಾಸ್ಕ್ ಆಯಿತಂತೆ, ಇನ್ನೊಂದು ಆಗಲಿಲ್ಲವಂತೆ. ತಂಗಿ ಹೇಳುತ್ತಿರುವುದು ನಿಜವಾದರೆ ಅದಕ್ಕೆ ಅರ್ಥವಿಲ್ಲ. ಸುಳ್ಳಾದರೆ, ಇಷ್ಟು ಅರ್ಥವಿಲ್ಲದ ಸುಳ್ಳನ್ನು ಯಾರು ಹೇಳುತ್ತಾರೆ? ಗುರುವಾರ ಹತ್ತು ಗಂಟೆಗೆ ಪತ್ರಿಕೆ ಹೋಗಬೇಕು. ಏಳು ಪತ್ರಗಳನ್ನು ಅಚ್ಚು ಹಾಕಿದರೆ ತಂಗಿಯ ಕತೆ ಮುಗಿಯಿತು. ಹಾಕದೆ ಮುಚ್ಚಿಟ್ಟರೆ ಪತ್ರಿಕೆಯ ಕತೆ ಮುಗಿಯಿತು, ಮೇಷ್ಟ್ರು ಸುಮ್ಮನಿರುವ ಪೈಕಿಯವರಲ್ಲ.

ಬುಧವಾರ ಬೆಳಿಗ್ಗೆ, ತಂಗಿಯ ನೋಟ್‌ಬುಕ್ಕನ್ನು ಕಣ್ಣಾರೆ ನೋಡೋಣವೆಂದು ಅಕ್ಕ ಲ್ಯಾಬಿಗೆ ಹೋದಳು. ಬಾಗಿಲಿನಲ್ಲಿ ಸಂದರ್ಶಕರ ಚೀಟಿ ಕೊಟ್ಟರು. ಆರು ವರ್ಷ ದುಡಿದ ಕಡೆ ಸಂದರ್ಶಕಳಾಗಿ ಎದೆಗೆ ಚೀಟಿ ಅಂಟಿಸಿಕೊಳ್ಳುವಾಗ ಅವಳಿಗೆ ಯಾರ ಮೇಲೋ ಸಿಟ್ಟು ಬಂತು. ತಂಗಿ ದೊಡ್ಡವರ ಕೋಣೆಯಲ್ಲಿದ್ದಳು. ಕಾಯಲೆಂದು ಅಕ್ಕ ಗಾಜು ತೊಳೆಯುವ ಕೋಣೆಗೆ ಹೋದಳು.

ಅಲ್ಲಿ ಗಾಜಮ್ಮ ಇದ್ದಳು. ದಿನಕ್ಕೆ ಇನ್ನೂರು ಫ್ಲಾಸ್ಕ್ ತೊಳೆಯುವ ಆ ಹೆಂಗಸಿನ ನಿಜವಾದ ಹೆಸರನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅಕ್ಕ ಕೆಲಸ ಬಿಟ್ಟ ಮೇಲೆ ಸೇರಿದವಳು. ಉದ್ದನೆಯ ರಬ್ಬರ್ ಏಪ್ರನ್ನು, ಮೊಣಕೈ ತನಕ ಕೈಗವಸು, ಎದುರಿಗೆ ಮೂರು ತೊಟ್ಟಿ. ತಿರುಗಿ ನೋಡದೆಯೇ, “ಯಾರದು ಫ್ಲಾಸ್ಕು?” ಎಂದಳು.

“ಫ್ಲಾಸ್ಕ್ ಇಲ್ಲ. ಮೂಲೆ ಮೇಜಿನವಳ ಅಕ್ಕ ನಾನು.”

ಗಾಜಮ್ಮ ತಿರುಗಿದಳು. “ಕಡ್ಡಿ ಅಕ್ಕ ನೀವೇನಾ?”

“ಯಾವ ಕಡ್ಡಿ?”

“ಅದೇ, ಆ ಕರೀ ಮ್ಯಾಗ್ನೆಟ್ ಕಡ್ಡಿ. ಎಲ್ಲರ ಕಡ್ಡೀನೂ ಇಲ್ಲಿಗೆ ಬರುತ್ತೆ. ಕಲೆ ಹಿಡಿದಿದ್ರೆ ಆ ಖಾರದ ಆಸಿಡ್‌ನಲ್ಲಿ ರಾತ್ರಿಯೆಲ್ಲ ನೆನೆಹಾಕ್ತೀನಿ. ನಿಮ್ಮ ತಂಗಿ ಮಾತ್ರ ಅದನ್ನ ಕೊಡೋದೇ ಇಲ್ಲ. ಹಲ್ಲು ಹುಳುಕಾದಂಗೆ ಕಪ್ಪಾಗಿದೆ, ಕೊಡೀಮ್ಮ ಬೆಳ್ಳಗೆ ಮಾಡ್ತೀನಿ ಅಂದ್ರೆ, ಬೇಡ, ಅದು ನಮ್ಮಕ್ಕನ ಕಡ್ಡಿ, ಅದರಲ್ಲಿ ಮಾಡಿದ್ದೆಲ್ಲ ಆಗುತ್ತೆ ಅಂತಾರೆ. ಹಂಗೇ ಒಂಚೂರು ಜಾಲಿಸಿ ಜೇಬಿಗೆ ಹಾಕ್ಕೋತಾರೆ.”

ಅಕ್ಕ ನಕ್ಕಳು. ಲ್ಯಾಬಿನಲ್ಲಿ ಓದಿಕೊಂಡವರಿಗೇ ಇಂಥ ನಂಬಿಕೆಗಳು ಹೆಚ್ಚು. ಒಬ್ಬನಿಗೆ ಅದೃಷ್ಟದ ಪೆನ್ನು, ಇನ್ನೊಬ್ಬಳಿಗೆ ಅದೃಷ್ಟದ ಬಟ್ಟೆ. ತಂಗಿಗೆ ಅಕ್ಕನ ಕಡ್ಡಿ. ಮನಸ್ಸು ಮೆತ್ತಗಾಯಿತು. ಆಮೇಲೆ, ನಗು ಇನ್ನೂ ಮುಖದ ಮೇಲೇ ಇರುವಾಗ, ಅವಳು ನಿಧಾನಕ್ಕೆ ಕೇಳಿದಳು:

“ಹೋದ ವಾರ ಅವಳ ಎರಡು ಫ್ಲಾಸ್ಕ್ ಒಟ್ಟಿಗೆ ಬಂದಿತ್ತಾ?”

“ಬಂದಿತ್ತು. ಒಂದರಲ್ಲಿ ಹೊಸ ಬಿಳೀ ಕಡ್ಡಿ ಇತ್ತು, ತೊಳೆದು ಅಲ್ಲಿಟ್ಟಿದೀನಿ. ಇನ್ನೊಂದು ಖಾಲಿ. ಅಂದ್ರೆ ಅದರಲ್ಲಿ ನಿಮ್ಮದಿತ್ತು ಅಂತ ಲೆಕ್ಕ.”

ಅಕ್ಕ ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತಳು. ಆ ಆರು ವರ್ಷ ತಾನು ಆ ಕಡ್ಡಿಯಿಂದ ಕಲಕಿದ್ದೇನು? ಬೇರೇನೂ ಅಲ್ಲ, ಪೆಲ್ಲಾಡಿಯಂ. ಬೆಳಿಗ್ಗೆ ಪೆಲ್ಲಾಡಿಯಂ, ಮಧ್ಯಾಹ್ನ ಪೆಲ್ಲಾಡಿಯಂ. ಹೊಸದರಲ್ಲಿ ಹಾಲಿನಷ್ಟು ಬಿಳಿಯಿದ್ದ ಕಡ್ಡಿ ಅದನ್ನೇ ಕುಡಿದು ಕುಡಿದು ಕಪ್ಪಾಗಿತ್ತು. ಅದರ ಮೈಯ ಕಣ್ಣಿಗೆ ಕಾಣದ ಗೀರುಗಳಲ್ಲಿ ಲೋಹ ಮನೆ ಮಾಡಿತ್ತು, ಒಂದೊಂದು ಪ್ರಯೋಗಕ್ಕೂ ಒಂದೊಂದು ಕಣ ಬಿಡುತ್ತಿತ್ತು. ಇಂಥ ಕೆಲಸಕ್ಕೆ ಅಷ್ಟು ಸಾಕು. ಆಸಿಡ್ಡಿನಲ್ಲಿ ನೆನೆಹಾಕಿಸದೆ, ಪ್ರೀತಿ ಉಕ್ಕಿ, ಅದನ್ನು ಹಾಗೇ ತಂಗಿಯ ಅಂಗೈಗೆ ಹಾಕಿದವಳು ತಾನೇ. ಎರಡನೆಯ ಕೈಯೆಂದು ಬಂದು ಅದೇ ಕಡ್ಡಿಯಲ್ಲಿ ಕಲಕಿ, ‘ನಿಜ’ ಎಂದು ಸಹಿ ಹಾಕಿದವಳೂ ತಾನೇ. ನಾಲ್ಕು ಸಾವಿರ ಜನರಿಗೆ ನೀತಿ ಹೇಳುವ ಸಂಪಾದಕಿಗೆ ಸ್ವಂತ ಕಡ್ಡಿ ಕಾಣಲಿಲ್ಲ.

“ನೀರು ಬೇಕಾ ಮೇಡಮ್?” ಎಂದಳು ಗಾಜಮ್ಮ.

ತಂಗಿ ಹೊರಗೆ ಬಂದಾಗ ಅಕ್ಕ ಎದುರಿಗೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ತಂಗಿಯ ಮುನಿಸು ಇನ್ನೂ ಇಳಿದಿರಲಿಲ್ಲ. ಜೇಬಿನಿಂದ ಕಡ್ಡಿ ತೆಗೆದು ಬೆಳಕಿಗೆ ಹಿಡಿದಳು. ಆಮೇಲೆ ನೇರ ಮೇಜಿಗೆ ಹೋಗಿ, ಎರಡು ಫ್ಲಾಸ್ಕಿಗೂ ಒಂದೇ ಬಾಟಲಿಯಿಂದ ಒಂದೇ ತೂಕ ಹಾಕಿ, ಒಂದಕ್ಕೆ ಕರಿ ಕಡ್ಡಿ, ಇನ್ನೊಂದಕ್ಕೆ ಹೊಸದು ಬಿಟ್ಟು ಬಿಸಿ ಹಚ್ಚಿದಳು. ನೋಟ್‌ಬುಕ್ ತೆಗೆದು ಈ ಸಲ ಮೊದಲೇ ಬರೆದಿಟ್ಟಳು. ನಾಲ್ಕು ಗಂಟೆಯ ಮೇಲೆ ಎರಡರಿಂದಲೂ ಒಂದೊಂದು ಹನಿಯನ್ನು ಪರೀಕ್ಷೆಯ ಪಟ್ಟಿಗೆ ಹಾಕಿ ದೀಪದ ನೇರಳೆ ಬೆಳಕಿನಲ್ಲಿ ನೋಡಿದರೆ, ಕರಿ ಕಡ್ಡಿಯ ಕಡೆ ಬೆಸೆದ ಉಂಗುರಗಳ ಚುಕ್ಕೆ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿತ್ತು. ಹೊಸದರ ಕಡೆ ಆ ಚುಕ್ಕೆಯೇ ಇರಲಿಲ್ಲ.

“ಇನ್ನೊಂದಿದೆ,” ಎಂದಳು ತಂಗಿ. ಮಂಗಳವಾರ ರಾತ್ರಿಯಿಂದ ಅಕ್ಕನ ಜೊತೆ ಆಡಿದ ಮೊದಲ ಮಾತು. “ತೊಳೆದೂ ನೋಡಬೇಕು.”

ಕಡ್ಡಿಯನ್ನು ಗಾಜಮ್ಮನ ಕೈಗೆ ಕೊಡುವಾಗ ಅವಳ ಬೆರಳು ತುಸು ತಡೆಯಿತು. ಗಾಜಮ್ಮ ತೆಗೆದುಕೊಂಡು ಆಸಿಡ್ಡಿಗೆ ಬಿಟ್ಟಳು.

ಗುರುವಾರ ಹತ್ತು ಗಂಟೆಗೆ ಪತ್ರಿಕೆ ಹೋಗಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಹತ್ತೂವರೆಯಿಂದ ಫೋನು ಬಡಿದುಕೊಳ್ಳತೊಡಗಿತು, ಸಂಪಾದಕಿ ಬದುಕಿದ್ದಾಳೆಯೇ ಎಂದು ಕೇಳಿದವರೂ ಇದ್ದರು. ಒಂದೂವರೆಗೆ ತಂಗಿ ಮೆಟ್ಟಿಲು ಹತ್ತಿ ಬಂದಳು. ತೊಳೆದ ಕಡ್ಡಿಯನ್ನು ಮೇಜಿನ ಮೇಲಿಟ್ಟಳು. ಕಪ್ಪು ಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು.

“ಸೊನ್ನೆ,” ಎಂದಳು. ಕುರ್ಚಿ ಎಳೆದು ಕೂತಳು. “ಬರಿ.”

ಅಕ್ಕ ಬರೆದಳು. ಲೋಹವಿಲ್ಲದ ವಿಧಾನ ಎಂದದ್ದು ತಪ್ಪು. ಲೋಹ ಕಡ್ಡಿಯಲ್ಲಿತ್ತು. ಕಡ್ಡಿ ಸಂಪಾದಕಿಯದು, ಹಾಕಿದವಳು ಸಂಪಾದಕಿ, ತನಗೇ ತಿಳಿಯದೆ ವರ್ಷಗಳ ಹಿಂದೆ. ಎರಡನೆಯ ಕೈ ಎಂದು ಅಚ್ಚಾದದ್ದು ನಿಜದಲ್ಲಿ ಮೊದಲ ಕೈಯೇ, ಆದ್ದರಿಂದ ನಿಯಮ ಮುರಿದವಳೂ ಸಂಪಾದಕಿ. ಈ ತಿದ್ದುಪಡಿಗೆ ಎರಡನೆಯ ಕೈ: ನಾಲ್ಕು ಸಲ ಸೊನ್ನೆ ಪಡೆದ ಮೇಷ್ಟ್ರು. ಗುಟ್ಟು ಕಂಡವಳು: ಗಾಜು ತೊಳೆಯುವವಳು. ಹೆಸರು ಬರೆಯಲೆಂದು ಅಕ್ಕ ಲ್ಯಾಬಿಗೆ ಫೋನು ಮಾಡಿ ಅವಳನ್ನೇ ಕೇಳಿದಳು. “ಗಾಜಮ್ಮ ಅಂತಲೇ ಹಾಕಿ ಮೇಡಮ್, ಬೇರೆ ಹಾಕಿದ್ರೆ ಇಲ್ಲಿ ಯಾರಿಗೆ ಗೊತ್ತಾಗುತ್ತೆ?” ಎಂದು ಅವಳು ನಕ್ಕಳು.

ತಂಗಿ ಭುಜದ ಮೇಲಿಂದ ಬಗ್ಗಿ ಓದಿದಳು. “ಒಂದು ಬಿಟ್ಟಿದೀಯ.”

“ಏನು?”

“ಹೋದ ವಾರದ ಎರಡನೇ ಫ್ಲಾಸ್ಕ್. ಆಗದೇ ಇದ್ದದ್ದು, ನಾನು ಬರೀದೇ ಇದ್ದದ್ದು.”

“ಅದು ಯಾಕೀಗ? ಕಾರಣ ಸಿಕ್ತಲ್ಲ. ದೊಡ್ಡವರು ನಾಳೆ ತಾನೇ ನಿನ್ನ ಕೆಲಸದ ವಿಷಯ ನೋಡೋದು.”

“ಅವತ್ತೇ ಬರೆದಿದ್ರೆ ಅವತ್ತೇ ಸಿಕ್ತಿತ್ತು. ಮೇಷ್ಟ್ರು ನಾಲ್ಕು ಸಲ ಮಾಡ್ತಿರಲಿಲ್ಲ. ಬರಿ ಅಕ್ಕ.”

ಅಕ್ಕನ ಕೈ ಕೀಲಿಗಳ ಮೇಲೆ ನಿಂತೇ ಇತ್ತು. ತಂಗಿ ಅವಳನ್ನು ಪಕ್ಕಕ್ಕೆ ಸರಿಸಿ ಎರಡು ಸಾಲು ತಾನೇ ಬರೆದು, ತನ್ನ ಹೆಸರು ಹಾಕಿ, ಕಳಿಸುವ ಗುಂಡಿಯನ್ನೂ ತಾನೇ ಒತ್ತಿದಳು.

ಮೂರು ಗಂಟೆಗೆ ದೊಡ್ಡವರ ಫೋನು ಬಂತು. ತಂಗಿ ಎದ್ದು ನಿಂತು ಕೇಳಿಸಿಕೊಂಡಳು, ಹೂಂ ಸಾರ್ ಎಂದು ಐದಾರು ಸಲ ಹೇಳಿದಳು.

“ಏನಂದ್ರು?”

“ನೀನು ಸುಳ್ಳು ಹೇಳಿಲ್ಲ ಅಂತ ಗೊತ್ತಾಯ್ತು, ಪೂರ್ತಿ ನಿಜ ಹೇಳಿಲ್ಲ ಅಂತಾನೂ ಗೊತ್ತಾಯ್ತು ಅಂದ್ರು. ಕಾಯಂ ಈಗಿಲ್ಲ. ಇನ್ನೂ ಆರು ತಿಂಗಳು ನೋಡ್ತಾರಂತೆ. ವಾರಕ್ಕೊಂದು ಸಲ ನೋಟ್‌ಬುಕ್ ಬೇರೆಯವರಿಗೆ ತೋರಿಸಿ ಸಹಿ ಹಾಕಿಸಬೇಕಂತೆ.”

“ಅಂದ್ರೆ ಕೆಲಸದಿಂದ ಕಳಿಸಲಿಲ್ಲ.”

“ಕಳಿಸಲಿಲ್ಲ.”

ಅಕ್ಕನಿಗೆ ಆಗಲೇ ಹೇಳಿಬಿಡಬೇಕೆನಿಸಿತು. ತಡಮಾಡಿದರೆ ಮುಂದೆಂದೂ ಬಾಯಿ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. “ಮಂಗಳವಾರ ನಾನು ಸುಮ್ಮನೆ ಕೇಳಿದ್ದಲ್ಲ ಕಣೇ. ನೀನು ಹಾಕಿದೀಯ ಅಂತ ನಂಬಿದ್ದೆ. ಒಂದು ದಿನ ಪೂರ್ತಿ.”

ತಂಗಿ ಬೂದು ಕಡ್ಡಿಯನ್ನು ಮೇಜಿನ ಮೇಲೆ ಬೆರಳಿನಿಂದ ತಿರುಗಿಸುತ್ತಿದ್ದಳು.

“ನಾನೂ ನಂಬಿದ್ದೆ,” ಎಂದಳು.

“ಏನನ್ನ?”

“ನಾನು ಹಾಕಿದೀನಿ ಅಂತ. ಮೊದಲು ನೀನು ಕೇಳಿದಾಗ ಸಿಟ್ಟು ಬಂತು. ಆಮೇಲೆ ಹಾಸಿಗೇಲಿ ಬಿದ್ಕೊಂಡು ಯೋಚನೆ ಮಾಡಿದೆ. ಬೇರೆ ದಾರೀನೇ ಕಾಣ್ಲಿಲ್ಲ. ಗೊತ್ತಿಲ್ದೇ ಕೈ ಜಾರಿ ಹಾಕಿಬಿಟ್ನಾ, ಹಾಕಿ ಮರೆತುಬಿಟ್ನಾ ಅಂತ. ಅಕ್ಕ ಕೇಳ್ತಿದಾಳೆ ಅಂದ್ರೆ ಹಾಕಿರಬೇಕು ಅನ್ಕೊಂಡೆ. ನೀನು ಸುಮ್ಮಸುಮ್ಮನೆ ಕೇಳೋಳಲ್ವಲ್ಲ.”

ಆರು ವರ್ಷದ ಲೋಹ ಒಂದು ರಾತ್ರಿಯ ಆಸಿಡ್ಡಿನಲ್ಲಿ ಹೋಗಿತ್ತು. ತಾನು ಮಂಗಳವಾರ ತಂಗಿಯ ಮನಸ್ಸಿಗೆ ಹಾಕಿದ್ದನ್ನು ಯಾವುದರಲ್ಲಿ ತೊಳೆಯುವುದೋ ಅಕ್ಕನಿಗೆ ತಿಳಿಯಲಿಲ್ಲ. ತಂಗಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಹಾಕಿದ್ದು ನಾನು,” ಎಂದಳು.

“ಗೊತ್ತು,” ಎಂದಳು ತಂಗಿ. “ಪತ್ರಿಕೇಲಿ ಓದಿದೆ.”